ಯಾವ ರೋಗಕ್ಕೆ ಯಾವ ಆಸನ ಅಂತ ಕೇಳುವ ಮೊದಲು

ಯೋಗ ಕ್ಲಾಸಿಗೆ ಹೊಸದಾಗಿ ಸೇರಿದವರು ಮೊದಲ ವಾರದಲ್ಲೇ ಕೇಳುವ ಪ್ರಶ್ನೆಗಳಿವು. ಶುಗರ್‌ಗೆ ಯಾವ ಆಸನ? ಥೈರಾಯ್ಡ್‌ಗೆ ಯಾವುದು? ಹೊಟ್ಟೆ ಕರಗೋಕೆ ಏನು ಮಾಡಬೇಕು? ವಾಟ್ಸಾಪ್‌ನಲ್ಲಿ ಓಡಾಡುವ ಪಟ್ಟಿಗಳಲ್ಲಿ ಉತ್ತರವೂ ಸಿದ್ಧ ಇರುತ್ತದೆ. ಶುಗರ್‌ಗೆ ಮಂಡೂಕಾಸನ, ಥೈರಾಯ್ಡ್‌ಗೆ ಸರ್ವಾಂಗಾಸನ, ತಲೆ ಚುರುಕಾಗಲು ಶೀರ್ಷಾಸನ. ಡಾಕ್ಟರು ಮಾತ್ರೆ ಬರೆದುಕೊಟ್ಟಂತೆ, ರೋಗಕ್ಕೊಂದು ಆಸನ.

ದೇಹ ಹಾಗೆ ಕೆಲಸ ಮಾಡುವುದಿಲ್ಲ. ಮಂಡೂಕಾಸನದಲ್ಲಿ ಮುಷ್ಟಿ ಕಟ್ಟಿ ಹೊಟ್ಟೆ ಒತ್ತುತ್ತೇವಲ್ಲ, ಆ ಒತ್ತಡಕ್ಕೆ ಮೇದೋಜೀರಕ ಗ್ರಂಥಿ ಇನ್ಸುಲಿನ್ ಸುರಿಸುತ್ತದೆ ಅನ್ನುವ ಮಾತಿದೆ. ಆ ಗ್ರಂಥಿ ಇರುವುದು ಜಠರದ ಹಿಂದೆ, ಬೆನ್ನೆಲುಬಿಗೆ ಹತ್ತಿರ. ಹಿಂಡಿದರೆ ರಸ ಸುರಿಯಲು ಅದು ನಿಂಬೆಹಣ್ಣಲ್ಲ. ರಕ್ತದಲ್ಲಿ ಸಕ್ಕರೆ ಎಷ್ಟಿದೆ ಅನ್ನುವುದನ್ನು ನೋಡಿಕೊಂಡು ಅದು ಇನ್ಸುಲಿನ್ ಬಿಡುತ್ತದೆ. ಥೈರಾಯ್ಡ್ ವಿಷಯವೂ ಅಷ್ಟೇ. ಸರ್ವಾಂಗಾಸನದಲ್ಲಿ ಕತ್ತು ಮಡಚಿದ ತಕ್ಷಣ ಹಾರ್ಮೋನು ಹೆಚ್ಚಾಗುವುದಿಲ್ಲ. ಎಷ್ಟು ತಯಾರಾಗಬೇಕು ಅಂತ ಹೇಳುವುದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ. ಲ್ಯಾಬ್ ರಿಪೋರ್ಟಿನಲ್ಲಿ ಟಿಎಸ್‌ಎಚ್ ಅಂತ ಇರುತ್ತದಲ್ಲ, ಅದು ಅಲ್ಲಿಂದ ಬರುವ ಸೂಚನೆ.

ಹಾಗಾದರೆ ಯೋಗದಿಂದ ಶುಗರ್ ಹಿಡಿತಕ್ಕೆ ಬಂತು ಅನ್ನುವವರು ಸುಳ್ಳು ಹೇಳುತ್ತಿದ್ದಾರಾ? ಇಲ್ಲ, ಅನೇಕರಿಗೆ ನಿಜಕ್ಕೂ ಅನುಕೂಲ ಆಗಿದೆ. ಆದರೆ ಅದು ಆಗುವ ದಾರಿ ಬೇರೆ. ಆ ದಾರಿ ಗೊತ್ತಾದರೆ ನಾವು ಅಭ್ಯಾಸ ಮಾಡುವ ರೀತಿಯೇ ಬದಲಾಗುತ್ತದೆ. ಎಷ್ಟು ಬಗ್ಗಿದೆವು ಅನ್ನುವ ಲೆಕ್ಕ ಹಿಂದಕ್ಕೆ ಸರಿದು, ಹೇಗೆ ಉಸಿರಾಡಿದೆವು ಅನ್ನುವುದು ಮುಂದೆ ಬರುತ್ತದೆ. ನನ್ನ ಮಟ್ಟಿಗೆ ಯೋಗದಲ್ಲಿ ಆರೋಗ್ಯದ ಗುಟ್ಟು ಇರುವುದು ಅಲ್ಲೇ.

ನಾಡಿ ಹಿಡಿದು ನೋಡಿ

ಒಂದೆರಡು ನಿಮಿಷ ಇದನ್ನು ಮಾಡಿ. ಕೂತಲ್ಲೇ ಬೆನ್ನು ನೆಟ್ಟಗೆ ಮಾಡಿ. ಎಡಗೈಯನ್ನು ತೊಡೆಯ ಮೇಲೆ ಅಂಗಾತ ಇಡಿ. ಬಲಗೈಯ ತೋರುಬೆರಳು ಮತ್ತು ನಡುಬೆರಳನ್ನು ಎಡ ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಕಡೆಗೆ ಹಗುರವಾಗಿ ಒತ್ತಿ. ನಾಡಿ ಸಿಗುತ್ತದೆ. ಈಗ ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ತೆಗೆದುಕೊಳ್ಳಿ, ಆರು ಎಣಿಸುವಷ್ಟು ಹೊತ್ತು ಬಿಡಿ. ನಾಲ್ಕೈದು ಸುತ್ತು ಆಗಲಿ. ಉಸಿರು ಒಳಗೆ ಹೋಗುವಾಗ ಬಡಿತ ಸ್ವಲ್ಪ ಬೇಗ ಬೇಗ ಬರುತ್ತದೆ, ಹೊರಗೆ ಹೋಗುವಾಗ ನಿಧಾನವಾಗುತ್ತದೆ. ಚಿಕ್ಕ ವಯಸ್ಸಿನವರಲ್ಲಿ ಇದು ಬೆರಳಿಗೆ ಚೆನ್ನಾಗಿ ಗೊತ್ತಾಗುತ್ತದೆ, ವಯಸ್ಸಾದಂತೆ ವ್ಯತ್ಯಾಸ ಕಡಿಮೆಯಾಗುತ್ತದೆ. ಹೆದರಬೇಡಿ, ಉಸಿರಿನ ಜೊತೆ ಹೀಗೆ ಏರಿಳಿಯುವುದು ಹೃದಯದ ಸಹಜ ಗುಣ.

ಇದರ ಹಿಂದೆ ಕೆಲಸ ಮಾಡುತ್ತಿರುವುದು ವೇಗಸ್ ಅನ್ನುವ ನರ. ಮೆದುಳಿನ ಬುಡದಿಂದ ಹೊರಟು, ಕತ್ತಿನ ಎರಡೂ ಪಕ್ಕದಲ್ಲಿ ಇಳಿದು, ಹೃದಯ, ಶ್ವಾಸಕೋಶ, ಜಠರ, ಕರುಳಿನವರೆಗೂ ಹೋಗುತ್ತದೆ. ದೇಹದಲ್ಲಿ ತಾನಾಗಿ ನಡೆಯುವ ಕೆಲಸಗಳನ್ನು ನೋಡಿಕೊಳ್ಳುವ ನರಗಳಲ್ಲಿ ಎರಡು ಬಣಗಳಿವೆ. ಒಂದು ಬಣ ಗಾಬರಿಯ ಹೊತ್ತಿಗೆ ಎದ್ದು ನಿಲ್ಲುತ್ತದೆ. ಎದೆಬಡಿತ ಏರಿಸುತ್ತದೆ, ರಕ್ತವನ್ನು ಕೈಕಾಲಿಗೆ ನೂಕುತ್ತದೆ, ಜೀರ್ಣದ ಕೆಲಸವನ್ನು ಬದಿಗಿಡುತ್ತದೆ. ಇನ್ನೊಂದು ಬಣ ಗಾಬರಿ ಇಳಿದ ಮೇಲೆ ಊಟ ಅರಗಿಸುವ, ಬಡಿತ ತಗ್ಗಿಸುವ ಕೆಲಸಕ್ಕೆ ಬರುತ್ತದೆ. ವೇಗಸ್ ಈ ಎರಡನೆಯ ಬಣದ ಮುಖ್ಯ ನರ. ಉಸಿರು ಬಿಡುವಾಗ ಹೃದಯದ ಮೇಲೆ ಅದರ ಹಿಡಿತ ಹೆಚ್ಚುತ್ತದೆ, ತೆಗೆದುಕೊಳ್ಳುವಾಗ ಕಡಿಮೆಯಾಗುತ್ತದೆ. ಹಾಗಾಗಿಯೇ ಉಸಿರು ಬಿಡುವುದನ್ನು ಉದ್ದ ಮಾಡಿದರೆ ದೇಹ ಶಾಂತವಾಗುವ ಕಡೆಗೆ ವಾಲುತ್ತದೆ.

ಹೃದಯಕ್ಕೆ ನಿಧಾನ ಆಗು ಅಂತ ನಾವು ನೇರವಾಗಿ ಹೇಳಲು ಆಗುವುದಿಲ್ಲ. ಬಿಪಿಗೆ ಇಳಿ ಅಂದರೆ ಅದು ಕೇಳುವುದಿಲ್ಲ, ಕರುಳೂ ಅಷ್ಟೇ. ತಾನಾಗಿ ನಡೆಯುವ ಇಂಥ ದೊಡ್ಡ ಕೆಲಸಗಳ ನಡುವೆ ನಮ್ಮ ಮಾತು ಕೇಳುವುದು ಉಸಿರು. ನಿದ್ದೆಯಲ್ಲಿ ಅದು ತನ್ನ ಪಾಡಿಗೆ ನಡೆಯುತ್ತದೆ, ಎಚ್ಚರದಲ್ಲಿ ಬೇಕೆಂದಾಗ ನಾವು ನಡೆಸಬಹುದು. ಅದರ ಮೂಲಕ ಉಳಿದವುಗಳಿಗೂ ವಿಷಯ ಮುಟ್ಟಿಸಬಹುದು.

ಸುಮ್ನೆ ಕೂತಿರುವಾಗ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ನಾಲ್ಕು ಎಣಿಕೆ ಒಳಗೆ, ಆರು ಎಣಿಕೆ ಹೊರಗೆ ಅಂದರೆ ಒಂದು ಉಸಿರಿಗೆ ಸುಮಾರು 10 ಸೆಕೆಂಡು, ನಿಮಿಷಕ್ಕೆ 6. ಈ ಲಯಕ್ಕೆ ಒಂದು ವಿಶೇಷ ಇದೆ. ಕತ್ತಿನ ದೊಡ್ಡ ರಕ್ತನಾಳದಲ್ಲಿ ಮತ್ತು ಹೃದಯದಿಂದ ಹೊರಡುವ ಮಹಾಪಧಮನಿಯಲ್ಲಿ ರಕ್ತದ ಒತ್ತಡವನ್ನು ಗಮನಿಸುವ ನರತುದಿಗಳಿವೆ. ಒತ್ತಡ ಏರಿದರೆ ಅವು ಮೆದುಳಿಗೆ ತಿಳಿಸುತ್ತವೆ, ಮೆದುಳು ಹೃದಯದ ವೇಗ ತಗ್ಗಿಸಿ ರಕ್ತನಾಳಗಳನ್ನು ಸಡಿಲಿಸುತ್ತದೆ. ಒತ್ತಡ ಇಳಿದರೆ ಇದರ ಉಲ್ಟಾ. ಹೀಗೆ ಏರಿ ಇಳಿಯುವ ಅಲೆಯೊಂದು ಮುಗಿಯಲು ಸುಮಾರು 10 ಸೆಕೆಂಡು ಬೇಕು. ಉಸಿರಿನ ಅಲೆಯೂ ಅಷ್ಟೇ ಉದ್ದವಾದಾಗ ಎರಡೂ ಕೂಡಿಕೊಳ್ಳುತ್ತವೆ. ಬಿಪಿ ಸರಿಪಡಿಸುವ ಈ ವ್ಯವಸ್ಥೆ ಆಗ ಇನ್ನಷ್ಟು ಚುರುಕಾಗುತ್ತದೆ.

2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇಟಲಿಯ ಸಂಶೋಧಕರ ಒಂದು ಲೇಖನ ಬಂತು. 23 ಜನ ಆರೋಗ್ಯವಂತರಿಗೆ ಒಮ್ಮೆ ಲ್ಯಾಟಿನ್ ಭಾಷೆಯ ಜಪಮಾಲೆ ಪ್ರಾರ್ಥನೆ ಹೇಳಿಸಿದರು, ಇನ್ನೊಮ್ಮೆ ‘ಓಂ ಮಣಿ ಪದ್ಮೇ ಹುಂ’ ಮಂತ್ರ ಹೇಳಿಸಿದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಹೆಚ್ಚುಕಡಿಮೆ 6ಕ್ಕೆ ಇಳಿಯಿತು. ಗಡಿಯಾರ ಹಿಡಿದು ಎಣಿಸದೆಯೇ ಎರಡು ಬೇರೆ ಧರ್ಮಗಳ ಪ್ರಾರ್ಥನೆಗಳು ಒಂದೇ ಲಯಕ್ಕೆ ಬಂದು ನಿಂತಿದ್ದವು. ಇದನ್ನು ಓದಿದ ಮೇಲೆ ಭಜನೆಯಲ್ಲಿ ಉದ್ದ ಸಾಲನ್ನು ಒಂದೇ ಉಸಿರಿಗೆ ಹಾಡುವವರನ್ನು ಕಂಡರೆ ನನಗೆ ಗೌರವ ಹೆಚ್ಚಾಗುತ್ತದೆ.

ಭ್ರಾಮರಿಯಲ್ಲೂ ಇದೇ ನಡೆಯುತ್ತದೆ. ತುಟಿ ಮುಚ್ಚಿ ದುಂಬಿಯಂತೆ ಗುಂಯ್‌ಗುಡುವಾಗ ಉಸಿರು ಬೇಗ ಖಾಲಿ ಮಾಡಲು ಆಗುವುದೇ ಇಲ್ಲ. ಜೊತೆಗೆ ಇನ್ನೊಂದು ಲಾಭ. ಮೂಗಿನ ಸುತ್ತಲಿನ ಸೈನಸ್ ಪೊಳ್ಳುಗಳಲ್ಲಿ ನೈಟ್ರಿಕ್ ಆಕ್ಸೈಡ್ ಅನ್ನುವ ಅನಿಲ ತಯಾರಾಗುತ್ತದೆ. ರಕ್ತನಾಳಗಳನ್ನು ಸಡಿಲಿಸುವ ಗುಣ ಅದಕ್ಕಿದೆ. ಗುಂಯ್‌ಗುಡುವಾಗ ಮೂಗಿನಿಂದ ಬರುವ ಈ ಅನಿಲ, ಸುಮ್ನೆ ಉಸಿರು ಬಿಡುವಾಗ ಬರುವುದಕ್ಕಿಂತ 15 ಪಟ್ಟು ಜಾಸ್ತಿ ಅಂತ 2002ರಲ್ಲಿ ಸ್ವೀಡನ್‌ನ ಸಂಶೋಧಕರು ಅಳೆದು ತೋರಿಸಿದರು. ನಾದದ ಕಂಪನಕ್ಕೆ ಸೈನಸ್‌ಗಳಲ್ಲಿ ಗಾಳಿಯ ಓಡಾಟ ಚೆನ್ನಾಗಿ ಆಗುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಿಡಿಸಬೇಕು. ಪ್ರಾಣಾಯಾಮ ಮಾಡಿದರೆ ರಕ್ತಕ್ಕೆ ಜಾಸ್ತಿ ಆಕ್ಸಿಜನ್ ಸಿಗುತ್ತದೆ ಅಂತ ಬಹಳ ಜನ ಹೇಳುತ್ತಾರೆ. ಕೊರೊನಾ ಕಾಲದಲ್ಲಿ ಎಷ್ಟೋ ಮನೆಗಳಿಗೆ ಆಕ್ಸಿಮೀಟರ್ ಬಂತಲ್ಲ, ಅದನ್ನು ಬೆರಳಿಗೆ ಸಿಕ್ಕಿಸಿ ನೋಡಿ. ಆರೋಗ್ಯವಂತರಿಗೆ ಮೊದಲೇ 95ರಿಂದ 100 ಇರುತ್ತದೆ. ಅದಕ್ಕಿಂತ ತುಂಬಿಸಲು ಹೆಚ್ಚು ಜಾಗ ಉಳಿದಿಲ್ಲ. ಬದಲಾಗುವುದು ಇಂಗಾಲದ ಡೈಆಕ್ಸೈಡ್. ತಿದಿಯಂತೆ ಜೋರಾಗಿ ಉಸಿರು ಎಳೆದು ಬಿಡುವ ಭಸ್ತ್ರಿಕಾವನ್ನು ಅಳತೆ ಮೀರಿ ವೇಗವಾಗಿ ಮಾಡಿದರೆ ರಕ್ತದಲ್ಲಿ ಅದರ ಪ್ರಮಾಣ ಕುಸಿಯುತ್ತದೆ. ಆಗ ಮೆದುಳಿಗೆ ಹೋಗುವ ರಕ್ತನಾಳಗಳು ಸಂಕುಚಿತವಾಗುತ್ತವೆ. ತಲೆ ತಿರುಗುತ್ತದೆ, ತುಟಿ, ಬೆರಳ ತುದಿ ಜುಮ್ಮೆನ್ನುತ್ತವೆ. ಶಕ್ತಿ ಹರಿಯುತ್ತಿದೆ ಅಂತ ತಿಳಿದು ಅದನ್ನೇ ಮುಂದುವರಿಸುವವರಿದ್ದಾರೆ. ದಯವಿಟ್ಟು ಅಲ್ಲಿಗೆ ನಿಲ್ಲಿಸಿ, ಸಹಜ ಉಸಿರಿಗೆ ಬನ್ನಿ.

ಬಗ್ಗುವುದರ ಒಳಗುಟ್ಟು

ಆಸನಕ್ಕೂ ಉಸಿರಿಗೂ ಏನು ನಂಟು? ಪಶ್ಚಿಮೋತ್ತಾನಾಸನ ತೆಗೆದುಕೊಳ್ಳಿ. ಕಾಲು ಚಾಚಿ ಕೂತು ಮುಂದಕ್ಕೆ ಬಾಗುತ್ತೀರಿ. ಕೈ ಮೀನಖಂಡದ ಹತ್ತಿರ ಬಂದು ನಿಲ್ಲುತ್ತದೆ. ತೊಡೆಯ ಹಿಂಭಾಗದಲ್ಲಿ ಜಗ್ಗಿದಂತಾಗುತ್ತದೆ. ಸ್ನಾಯುವಿನ ಒಳಗೆ ಇರುವ ಪುಟ್ಟ ಸಂವೇದಕಗಳು ‘ಜಾಸ್ತಿ ಎಳೆಯುತ್ತಿದ್ದಾರೆ’ ಅಂತ ಬೆನ್ನುಹುರಿಗೆ ಸುದ್ದಿ ಕಳಿಸುತ್ತವೆ. ಬೆನ್ನುಹುರಿ ಮೆದುಳನ್ನು ಕೇಳದೆ, ಆ ಸ್ನಾಯು ಬಿಗಿಯಾಗಲಿ ಅಂತ ಆಜ್ಞೆ ಕೊಡುತ್ತದೆ. ಹರಿದುಹೋಗದಂತೆ ಕಾಯುವ ವ್ಯವಸ್ಥೆ ಇದು. ಎಳೆತ ಎಷ್ಟು ವೇಗವಾಗಿರುತ್ತದೋ ಪ್ರತಿಕ್ರಿಯೆ ಅಷ್ಟು ಜೋರು. ಝಾಡಿಸಿ ಝಾಡಿಸಿ ಬಗ್ಗಿದರೆ ನಾವು ಸಡಿಲಿಸಬೇಕಾದ ಸ್ನಾಯುವೇ ಇನ್ನೂ ಬಿಗಿಯಾಗುತ್ತದೆ.

ಈಗ ಅಲ್ಲೇ ನಿಲ್ಲಿ. ಮುಂದೆ ತಳ್ಳಬೇಡಿ. ನಿಧಾನವಾಗಿ ಮೂರು ಉಸಿರು, ಅಂದರೆ ಸುಮಾರು 30 ಸೆಕೆಂಡು. ಬಿಗಿತ ತಾನಾಗಿ ಕಡಿಮೆಯಾಗುತ್ತದೆ. ಮುಂದಿನ ಉಸಿರು ಬಿಡುವಾಗ ಕೈ ಒಂದು ಬೆರಳಿನಷ್ಟು ಮುಂದೆ ಜಾರುತ್ತದೆ. ಹೀಗೆ ಕೆಲವು ವಾರ ಕಳೆದರೆ ಬೆರಳು ಪಾದ ಮುಟ್ಟುತ್ತದೆ. ಸ್ನಾಯು ಉದ್ದವಾಯಿತು ಅಂದುಕೊಳ್ಳುತ್ತೇವೆ. ಆದರೆ ಮೊದಲ ಕೆಲವು ವಾರಗಳ ಬದಲಾವಣೆಯಲ್ಲಿ ದೊಡ್ಡ ಪಾಲು ನರಗಳದ್ದು. ಅಷ್ಟು ಎಳೆತ ಅಪಾಯವಲ್ಲ ಅಂತ ಅವು ಒಪ್ಪಿಕೊಂಡಿರುತ್ತವೆ. ಹಾಗೆ ಒಪ್ಪಬೇಕಾದರೆ ದೇಹ ಗಾಬರಿಯಲ್ಲಿ ಇರಬಾರದು. ಉಸಿರು ಬಿಗಿಹಿಡಿದು, ಹಲ್ಲು ಕಚ್ಚಿ, ಮುಖ ಕಿವುಚಿಕೊಂಡು ಬಗ್ಗುವವರಿಗೆ ಅದು ಆಗುವುದಿಲ್ಲ. ನಿಮ್ಮ ಅಳತೆ ಸರಿ ಇದೆಯಾ ಅಂತ ತಿಳಿಯಲು ಕನ್ನಡಿ ಬೇಡ. ಮೂಗಿನ ಉಸಿರು ಸರಾಗವಾಗಿ ಹೋಗಿ ಬರುತ್ತಿದ್ದರೆ ಸರಿ ಇದೆ. ತಡವರಿಸಿದರೆ ಎರಡು ಬೆರಳು ಹಿಂದಕ್ಕೆ ಬನ್ನಿ.

ಈ ಮಾತು ನಮ್ಮ ನೆಲದಲ್ಲಿ ಹೊಸದೇನಲ್ಲ. ಚಿತ್ರದುರ್ಗ ಜಿಲ್ಲೆಯಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಿಂದ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. ಇಂದು ಜಗತ್ತಿನಾದ್ಯಂತ ಜನ ಕಲಿಯುವ ಆಸನಗಳ ದೊಡ್ಡ ಪಾಲು ಅಲ್ಲಿಂದ ಹರಿದದ್ದು. ಅವರ ಇಬ್ಬರು ಶಿಷ್ಯರನ್ನು ನೋಡಿ. ಹಾಸನದ ಹತ್ತಿರದ ಕೌಶಿಕದವರಾದ ಪಟ್ಟಾಭಿ ಜೋಯಿಸರು ಪ್ರತಿ ಚಲನೆಗೂ ಒಂದು ಉಸಿರು ಕಟ್ಟಿ, ಬೆವರು ಸುರಿಯುವಂಥ ಅಷ್ಟಾಂಗ ವಿನ್ಯಾಸ ಕಲಿಸಿದರು. ವಿದೇಶದ ಯೋಗಶಾಲೆಗಳಲ್ಲಿ ‘ಮೈಸೂರ್ ಸ್ಟೈಲ್’ ಅಂದರೆ ಇದೇ. ಎಲ್ಲರೂ ಒಂದೇ ಕೋಣೆಯಲ್ಲಿ ಇರುತ್ತಾರೆ, ಆದರೆ ಒಬ್ಬೊಬ್ಬರೂ ತಮ್ಮ ಉಸಿರಿನ ಲೆಕ್ಕದಲ್ಲಿ ಮಾಡುತ್ತಾರೆ, ಗುರುಗಳು ನಡುವೆ ಓಡಾಡುತ್ತಾ ತಿದ್ದುತ್ತಾರೆ.

ಇನ್ನೊಬ್ಬರು ಬಿ.ಕೆ.ಎಸ್. ಅಯ್ಯಂಗಾರ್. 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದರು. ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲವನ್ನೂ ಕಂಡ ಬಡಕಲು ಹುಡುಗ. ಕೃಷ್ಣಮಾಚಾರ್ಯರು ಅವರಿಗೆ ಭಾವ ಆಗಬೇಕು. 1934ರಲ್ಲಿ ಅಕ್ಕ-ಭಾವನ ಮನೆಗೆ ಮೈಸೂರಿಗೆ ಬಂದು ಯೋಗ ಕಲಿತರು, 1937ರಲ್ಲಿ ಪುಣೆಗೆ ಹೋಗಿ ಕಲಿಸತೊಡಗಿದರು. ಕಾಯಿಲೆಯ ಮೈ ಹೇಗಿರುತ್ತದೆ ಅಂತ ಅನುಭವಿಸಿ ಬಲ್ಲವರು. ಆದ್ದರಿಂದಲೋ ಏನೋ, ಬಗ್ಗಲಾಗದವರನ್ನು ಅವರು ಬಿಟ್ಟುಬಿಡಲಿಲ್ಲ. ಮರದ ಇಟ್ಟಿಗೆ, ಬೆಲ್ಟು, ಕುರ್ಚಿ, ಮಡಚಿದ ಕಂಬಳಿ, ಗೋಡೆಗೆ ಕಟ್ಟಿದ ಹಗ್ಗ, ಇವನ್ನೆಲ್ಲ ಆಸನಕ್ಕೆ ಆಸರೆಯಾಗಿ ತಂದರು. ಯೋಗಕ್ಕೆ ಅವರು ಕೊಟ್ಟ ಅತಿ ದೊಡ್ಡ ಕೊಡುಗೆ ಇದು ಅಂತ ನನಗನ್ನಿಸುತ್ತದೆ. ಅರವತ್ತೈದರ ಅಮ್ಮ ಪಶ್ಚಿಮೋತ್ತಾನಾಸನ ಮಾಡುವಾಗ ಪೃಷ್ಠದ ಕೆಳಗೆ ಕಂಬಳಿ ಮಡಚಿ ಇಟ್ಟು, ಮಂಡಿ ಸ್ವಲ್ಪ ಮಡಚಿ, ಪಾದಕ್ಕೆ ಟವೆಲ್ ಸುತ್ತಿ ಹಿಡಿದುಕೊಂಡರೆ ನಾಚಿಕೆ ಪಡಬೇಕಿಲ್ಲ. ಅದೂ ಪೂರ್ತಿ ಆಸನವೇ.

ಏನು ನಿರೀಕ್ಷಿಸಬಹುದು

ಪುರಾವೆ ಗಟ್ಟಿಯಾಗಿರುವುದು ಹಳೆಯ ಸೊಂಟನೋವಿನ ವಿಷಯದಲ್ಲಿ. ಮೂರು ತಿಂಗಳಿಗಿಂತ ಹಳೆಯದಾದ ಸೊಂಟನೋವಿಗೆ ಮಾತ್ರೆಗಿಂತ ಮೊದಲು ಪ್ರಯತ್ನಿಸಬೇಕಾದವುಗಳಲ್ಲಿ ಯೋಗವನ್ನೂ ಅಮೆರಿಕದ ವೈದ್ಯರ ಸಂಘ 2017ರ ತನ್ನ ಮಾರ್ಗಸೂಚಿಯಲ್ಲಿ ಸೇರಿಸಿತು. ಅದೇ ವರ್ಷ ಬಾಸ್ಟನ್‌ನಲ್ಲಿ 320 ಜನರ ಮೇಲೆ ನಡೆದ 12 ವಾರಗಳ ಅಧ್ಯಯನದ ಫಲಿತಾಂಶ ಬಂತು. ಫಿಸಿಯೋಥೆರಪಿಗೆ ಹೋಲಿಸಿದರೆ ಯೋಗ ಹಿಂದೆ ಬಿದ್ದಿರಲಿಲ್ಲ. ಸೊಂಟನೋವು ಹಳೆಯದಾದಷ್ಟೂ ಜನ ಬಗ್ಗಲು ಹೆದರುತ್ತಾರೆ. ಹೆದರಿ ಬಿಗಿಹಿಡಿದ ಸೊಂಟ ಮತ್ತೆ ನೋಯುತ್ತದೆ. ಉಸಿರಿನ ಜೊತೆ ಸಣ್ಣಸಣ್ಣ ಚಲನೆ ಮಾಡುತ್ತಾ ಹೋದರೆ ಸ್ನಾಯುವಿಗೆ ಬಲ ಬರುತ್ತದೆ, ಆ ಹೆದರಿಕೆಯೂ ಬಿಡುತ್ತದೆ.

ಅಸ್ತಮಾ ಬಗ್ಗೆ ನಮ್ಮ ಬೆಂಗಳೂರಿನ ಕೆಲಸವೇ ಹೆಸರಾಗಿದೆ. ಡಾ. ಆರ್. ನಾಗರತ್ನ ಮತ್ತು ಡಾ. ಎಚ್.ಆರ್. ನಾಗೇಂದ್ರ ಅವರು 53 ರೋಗಿಗಳಿಗೆ ಎರಡು ವಾರ ಯೋಗ ಕಲಿಸಿ, ಮನೆಯಲ್ಲಿ ದಿನಾ ಮುಂದುವರಿಸಲು ಹೇಳಿದರು. ಔಷಧಿ ಮಾತ್ರ ತೆಗೆದುಕೊಳ್ಳುತ್ತಿದ್ದ ಇನ್ನು 53 ಜನರೊಂದಿಗೆ ಅವರನ್ನು ಹೋಲಿಸಿದರು. ಯೋಗ ಮಾಡಿದವರಲ್ಲಿ ಉಬ್ಬಸದ ದಾಳಿ ಕಡಿಮೆಯಾಗಿತ್ತು, ಬೇಕಾಗುವ ಔಷಧಿಯೂ ಕಡಿಮೆಯಾಗಿತ್ತು. 1985ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದು ಪ್ರಕಟವಾಯಿತು. ಹಾಗಂತ ಇನ್ಹೇಲರ್ ಬಿಸಾಡಬೇಡಿ. ಡಾಕ್ಟರನ್ನು ಕೇಳದೆ ಔಷಧಿ ನಿಲ್ಲಿಸಿ ತುರ್ತು ಚಿಕಿತ್ಸೆಗೆ ಓಡುವ ಪರಿಸ್ಥಿತಿ ತಂದುಕೊಳ್ಳಬಾರದು.

ಶುಗರ್ ವಿಷಯಕ್ಕೆ ಮತ್ತೆ ಬರೋಣ. ಕೆಲಸ ಮಾಡುವ ಸ್ನಾಯು ಇನ್ಸುಲಿನ್ ಸಹಾಯ ಇಲ್ಲದೆಯೂ ರಕ್ತದಿಂದ ಸಕ್ಕರೆ ಎಳೆದುಕೊಳ್ಳಬಲ್ಲದು. ಸೂರ್ಯನಮಸ್ಕಾರ, ಉತ್ಕಟಾಸನ, ವೀರಭದ್ರಾಸನದಲ್ಲಿ ತೊಡೆ ನಡುಗುತ್ತದಲ್ಲ, ಆಗ ನಡೆಯುತ್ತಿರುವುದು ಇದೇ. ಇನ್ನೊಂದು ಕಡೆ, ಮನಸ್ಸು ಒತ್ತಡದಲ್ಲಿರುವಾಗ ಬರುವ ಕಾರ್ಟಿಸೋಲ್ ಹಾರ್ಮೋನು ಯಕೃತ್ತಿನಿಂದ ಸಕ್ಕರೆ ಹೊರಗೆ ಬಿಡಿಸುತ್ತದೆ. ಒತ್ತಡ ಇಳಿದರೆ ಅದೂ ಇಳಿಯುತ್ತದೆ. ನಿದ್ದೆ ಸುಧಾರಿಸಿದರೆ ಹಸಿವೂ ಹತೋಟಿಗೆ ಬರುತ್ತದೆ. ಇವೆಲ್ಲ ಸೇರಿ ಶುಗರ್‌ಗೆ ಅನುಕೂಲ ಆಗುತ್ತದೆ. ಇನ್ಸುಲಿನ್ ಅಥವಾ ಶುಗರ್ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಜೋರಾದ ಅಭ್ಯಾಸ ಶುರು ಮಾಡುವಾಗ ಶುಗರ್ ಅಳೆದು ನೋಡಿಕೊಳ್ಳಬೇಕು. ತೀರಾ ಕೆಳಗಿಳಿದರೂ ಕಷ್ಟ. ಬಿಪಿ ಇಳಿಯುವುದೂ ಕೆಲವೇ ಅಂಕಗಳಷ್ಟು. ಅದು ಬೆಲೆಬಾಳುವ ಇಳಿಕೆಯೇ, ಆದರೆ ಮಾತ್ರೆ ಕಡಿಮೆ ಮಾಡುವ ತೀರ್ಮಾನ ಡಾಕ್ಟರದ್ದು.

ಯೋಗ ಮಾಡುತ್ತೇನೆ, ಹಾಗಾಗಿ ವಾಕಿಂಗ್ ಬೇಡ ಅನ್ನುವವರಿಗೆ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ವ್ಯಾಯಾಮ. ನಿಧಾನದ ಆಸನ, ಪ್ರಾಣಾಯಾಮದಲ್ಲಿ ಹೃದಯಕ್ಕೆ ಅಷ್ಟು ಕೆಲಸ ಸಿಗುವುದಿಲ್ಲ. ಬಿರುಸಿನ ನಡಿಗೆ ಜೊತೆಗಿರಲಿ.

ಯಾರು ಎಲ್ಲಿ ನಿಲ್ಲಬೇಕು

ಶೀರ್ಷಾಸನವನ್ನು ಆಸನಗಳ ರಾಜ ಅನ್ನುತ್ತಾರೆ. ಆದರೆ ಗ್ಲಾಕೋಮ, ಅಂದರೆ ಕಣ್ಣಿನ ನರಕ್ಕೆ ಹಾನಿ ಮಾಡುವ ಕಾಯಿಲೆ, ಇರುವವರಿಗೆ ಅದು ಬೇಡವೇ ಬೇಡ. 2006ರಲ್ಲಿ ಪ್ರಕಟವಾದ ಚೆನ್ನೈನ ಅಧ್ಯಯನವೊಂದರಲ್ಲಿ ಶೀರ್ಷಾಸನದಲ್ಲಿದ್ದಾಗ ಕಣ್ಣಿನೊಳಗಿನ ಒತ್ತಡ ಎರಡು ಪಟ್ಟು ಆಗುವುದು ಕಂಡುಬಂತು. ಬಿಪಿ ಹಿಡಿತದಲ್ಲಿ ಇಲ್ಲದವರು, ಕತ್ತಿನ ಮೂಳೆ ಸವೆದವರು ಕೂಡ ತಲೆಕೆಳಗಾಗುವ ಆಸನ ಬಿಡಬೇಕು. ಮೂಳೆ ಟೊಳ್ಳಾಗಿದೆ ಅಂತ ಡಾಕ್ಟರು ಹೇಳಿದ್ದರೆ ಬೆನ್ನು ಗುಂಡಗೆ ಮಾಡಿ ಪೂರ್ತಿ ಮುಂದಕ್ಕೆ ಬಾಗಬೇಡಿ, ಬೆನ್ನೆಲುಬಿನ ಮುಂಭಾಗಕ್ಕೆ ಭಾರ ಬಿದ್ದು ಕುಸಿಯಬಹುದು. ಸ್ಲಿಪ್ ಡಿಸ್ಕ್‌ನಿಂದ ನೋವು ಕಾಲಿಗೆ ಇಳಿಯುತ್ತಿದ್ದರೆ ಮುಂದಕ್ಕೆ ಬಾಗುವುದು ಅನೇಕರಿಗೆ ನೋವು ಹೆಚ್ಚಿಸುತ್ತದೆ. ಗರ್ಭಿಣಿಯರು, ಹರ್ನಿಯಾ ಇರುವವರು, ಈಚೆಗೆ ಹೊಟ್ಟೆಯ ಆಪರೇಷನ್ ಆದವರು, ಹೊಟ್ಟೆ ಒಳಕ್ಕೆಳೆದು ರಭಸವಾಗಿ ಉಸಿರು ಬಿಡುವ ಕಪಾಲಭಾತಿ ಮಾಡಬಾರದು. ಮಂಡಿ ಸವೆದವರು ಊಟದ ನಂತರ ವಜ್ರಾಸನ ಒಳ್ಳೆಯದು ಅಂತ ನೋವು ನುಂಗಿಕೊಂಡು ಕೂರಬೇಕಿಲ್ಲ, ಕುರ್ಚಿ ಸಾಕು.

ಜಗ್ಗಿದಂತಾಗುವುದು ಸಹಜ. ಚುಚ್ಚುವ ನೋವು, ಕೀಲಿನ ಒಳಗೆ ನೋವು, ಮರಗಟ್ಟುವುದು, ಎದೆ ಬಿಗಿತ, ಇವು ಬಂದರೆ ತಕ್ಷಣ ನಿಲ್ಲಿಸಿ. ಎದೆ ಬಿಗಿತ ಹೋಗದಿದ್ದರೆ ಆಸ್ಪತ್ರೆಗೆ ಹೊರಡಿ.

ಶುರು ಮಾಡುವವರಿಗೆ ಬೆಳಿಗ್ಗೆ 20 ನಿಮಿಷ ಸಾಕು. ಹೊಟ್ಟೆ ಖಾಲಿ ಇರಲಿ, ಸಂಜೆಯಾದರೆ ಊಟವಾಗಿ ಮೂರು ನಾಲ್ಕು ಗಂಟೆ ಕಳೆದಿರಲಿ. ಮೊದಲು ಎರಡು ನಿಮಿಷ ನಾಲ್ಕು-ಆರರ ಉಸಿರು. ಆಮೇಲೆ ಬೆಕ್ಕಿನಂತೆ ಕೈ, ಮಂಡಿ ಊರಿ ಮಾರ್ಜಾಲಾಸನ, ಬೆನ್ನು ಮೇಲೇರುವಾಗ ಉಸಿರು ಹೊರಗೆ, ಕೆಳಗಿಳಿಯುವಾಗ ಒಳಗೆ. ನೆಟ್ಟಗೆ ನಿಲ್ಲುವ ತಾಡಾಸನ, ನಿಂತು ಪಕ್ಕಕ್ಕೆ ಬಾಗುವ ಅರ್ಧಕಟಿ ಚಕ್ರಾಸನ. ಗೋಡೆಯ ಪಕ್ಕ ಒಂಟಿ ಕಾಲಲ್ಲಿ ನಿಂತು ವೃಕ್ಷಾಸನ, ವಯಸ್ಸಾದವರು ಬೀಳದಂತಿರಲು ಸಮತೋಲನದ ಅಭ್ಯಾಸ ಬಹಳ ಮುಖ್ಯ. ನಂತರ ಬೋರಲು ಮಲಗಿ ಎದೆ ಎತ್ತುವ ಭುಜಂಗಾಸನ, ಅಂಗಾತ ಮಲಗಿ ಸೊಂಟ ಎತ್ತುವ ಸೇತುಬಂಧಾಸನ, ಪಶ್ಚಿಮೋತ್ತಾನಾಸನ, ಒಂದೊಂದರಲ್ಲೂ ಮೂರು ಉಸಿರು. ಐದು ಸುತ್ತು ಭ್ರಾಮರಿ. ಕೊನೆಗೆ ಐದು ನಿಮಿಷ ಶವಾಸನ.

ಶವಾಸನ ಬಂದಾಗ ಆಫೀಸಿಗೆ ಲೇಟಾಯಿತು ಅಂತ ಮ್ಯಾಟ್ ಸುತ್ತಿಕೊಂಡು ಹೋಗುವವರೇ ಜಾಸ್ತಿ, ಅಲ್ವಾ? ಅಷ್ಟು ಹೊತ್ತು ದುಡಿದ ಮೈ ಬಡಿತ ಇಳಿಸಿಕೊಂಡು ಸಮಾಧಾನಕ್ಕೆ ಬರುವುದು ಈ ಐದು ನಿಮಿಷದಲ್ಲೇ. ಸಮಯ ಕಡಿಮೆ ಇದ್ದ ದಿನ ಎರಡು ಆಸನ ಬಿಡಿ, ಇದನ್ನು ಬಿಡಬೇಡಿ. ಏಳುವಾಗ ಒಂದು ಪಕ್ಕಕ್ಕೆ ಹೊರಳಿ, ಕೈ ಊರಿ ಕೂತು, ಒಂದೆರಡು ಉಸಿರಿನ ನಂತರ ನಿಂತುಕೊಳ್ಳಿ. ಬಿಪಿ ಮಾತ್ರೆ ತೆಗೆದುಕೊಳ್ಳುವವರು ಮಲಗಿದಲ್ಲಿಂದ ತಟ್ಟನೆ ಎದ್ದರೆ ಕಣ್ಣು ಕತ್ತಲೆ ಬರಬಹುದು.